ಒಲೆಯ ಮೇಲಿನ ಎಸರು

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಒಂದು ಬೇಸಿಗೆ. ಬೆಳಗಾವಿಯ ಗಂಡನ ಮನೆಯಿಂದ ಖಾನಾಪುರದವರೆಗೆ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ, ಪಾರಿಶ್ವಾಡದ ತವರಿಗೆ ಬಂದಿದ್ದೆ. ಪೇಟೆಯ ಮಠದಲ್ಲಿ ದಾಸೋಹದ ಮಾತು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದವಳು ನಾನು. ಹೇಳೋದು ಪುರಾಣ, ತಿನ್ನೋದು ಬದನೇಕಾಯಿ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಂದು ನಮ್ಮ ಹಗೇವು ತೆಗೆಯುವ ದಿನ. ಅಂಗಳದಡಿ ಆಳವಾಗಿ ತೋಡಿ, ಜೋಳ ತುಂಬಿ, ಕಲ್ಲು ಮುಚ್ಚಿಟ್ಟ ಕಣಜ ಅದು. ಆಗಲೇ ಅರ್ಧ ಖಾಲಿಯಾಗಿತ್ತು. ಬೆಳಿಗ್ಗೆ ನಮ್ಮ ಆಳಿನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು, "ಒಂದ್ ಸೇರ್ ಹಿಟ್ಟ ಇದ್ರ ಕೊಡ್ರಿ ಅಕ್ಕಾರ. ಕೂಸುಗೋಳು ನಿನ್ನಿಯಿಂದ ಉಂಡಿಲ್ಲ" ಎಂದಳು. ಹಗೇವಿನ ಜೋಳದಲ್ಲೇ ಕೂಲಿ ಅಳೆದು ಕೊಡುವುದು ನಮ್ಮ ಮನೆಯ ಪದ್ಧತಿ. "ಹಗೇವು ತಗದ ಮ್ಯಾಲ ನಿನ್ನ ಗಂಡನ ಕೈಯಾಗ ಕಳಸ್ತೀವಿ" ಎಂದೆ, ರೊಟ್ಟಿ ಬಡಿಯುತ್ತಲೇ. ತಿರುಗಿ ಕೂಡ ನೋಡಲಿಲ್ಲ.

ಕಲ್ಲು ಸರಿಸಿ ಅಪ್ಪ ಕಂದೀಲು ಇಳಿಬಿಟ್ಟರು. ಅರ್ಧ ಇಳಿಯುವುದರೊಳಗೆ ಆರಿತು. ಒಳಗೆ ಕೆಟ್ಟ ಗಾಳಿ ನಿಂತಿತ್ತು.

"ಇನ್ನೆರಡು ತಾಸು ಯಾರೂ ಇಳೀಬ್ಯಾಡ್ರಿ. ಅಷ್ಟರಾಗ ಉಂಡ ಬರೂಣು" ಎಂದರು ಅಪ್ಪ. ಉಣ್ಣುವವರು ನಾವು. ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಗೇವಿನ ಬಾಯಿಯ ಬಳಿ ಕುಳಿತೇ ಇದ್ದ.

ನೀರಿಗೆಂದು ನಾನು ಹೊರಬಂದಾಗ ಅವನು ಅಲ್ಲಿರಲಿಲ್ಲ. ಕಂಬಕ್ಕೆ ಕಟ್ಟಿದ ಹಗ್ಗ ಕೆಳಗೆ ಬಿಗಿದಿತ್ತು. ಕೂಗಿದೆ, ಉತ್ತರವಿಲ್ಲ. ಅಪ್ಪ, ಅಣ್ಣ ಎಂಜಲು ಕೈಯಲ್ಲೇ ಓಡಿ ಬಂದರು. ಮೂವರೂ ಎಳೆದೆವು. ಹಗ್ಗ ಅಂಗೈ ಕಿತ್ತಿತು. ಇವನು ಸತ್ತರೆ ಕೊಂದವಳು ನಾನೇ ಎಂದು ಎಳೆಯುವಾಗಲೇ ಗೊತ್ತಾಗಿತ್ತು.

ಮೇಲೆ ಬಂದಾಗ ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ನೀರು ಚಿಮುಕಿಸಿ, ಎದೆ ತಿಕ್ಕಿದೆವು. ಬಹಳ ಹೊತ್ತಿನ ಮೇಲೆ ಉಸಿರು ಸರಿಯಾಯಿತು.

"ಸಾಯೂವಂಥಾ ಅವಸರ ಏನಿತ್ತೋ ನಿನಗ?" ಅಪ್ಪ ಗದರಿದರು.

"ಮನ್ಯಾಗ ಒಲಿ ಮ್ಯಾಲ ಎಸರ ಇಟ್ಟ ಕುಂತಾಳ್ರಿ" ಎಂದ.

ನಾನು ಒಳಗೆ ಹೋಗಿ ಡಬ್ಬಿಯ ಹಿಟ್ಟನ್ನೆಲ್ಲ ಸೆರಗಿಗೆ ಸುರಿದುಕೊಂಡು ಅವನ ಗುಡಿಸಲಿಗೆ ಓಡಿದೆ. ಗಡಿಗೆಯ ನೀರು ಕುದಿದು ಕುದಿದು ಇಂಗಿತ್ತು. ಅವಳು ಮತ್ತೊಂದು ತಂಬಿಗೆ ತಣ್ಣೀರು ಹೊಯ್ಯುತ್ತಿದ್ದಳು. ನನ್ನ ಸೆರಗು ನೋಡಿ ಅವಳ ಮುಖ ಅರಳಿತು.

"ಹಗೇವು ತಗದ್ರೇನ್ರಿ ಅಕ್ಕಾರ?"

ತೆಗೆದಿರಲಿಲ್ಲ. ಆ ಹಿಟ್ಟು ಬೆಳಿಗ್ಗೆಯಿಂದಲೂ ನನ್ನ ಮೊಣಕೈ ಬಳಿಯೇ ಇತ್ತು.