ಮೇಜಿನೊಳಗಿನ ಹಾಡು

ಮಗ್ಗದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಫಿಟ್ಟರ್ ಎಂದೇ. ಇಪ್ಪತ್ತು ವರ್ಷ ಒಂದೇ ಷೆಡ್ಡಿನಲ್ಲಿ, ನೂರಾರು ಮಗ್ಗಗಳ ಖಟಖಟದ ನಡುವೆ ದುಡಿದು, ನಲವತ್ತು ತುಂಬುವ ಮೊದಲೇ ಅವನ ಎರಡೂ ಕಿವಿ ಕೈಕೊಟ್ಟಿದ್ದವು. ಅದೇನು ಒಂದೇ ದಿನ ಆದದ್ದಲ್ಲ. ಮೊದಲು ಗುಬ್ಬಚ್ಚಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಹೆಂಡತಿಯ ಪಿಸುಮಾತು, ಕೊನೆಗೆ ಅವಳ ಕೂಗೂ ಹೋಯಿತು. ಕೂಗು ಹೋದದ್ದು ಒಂದು ಲೆಕ್ಕಕ್ಕೆ ಲಾಭವೇ ಎಂದು ಅವನೇ ತಮಾಷೆ ಮಾಡುತ್ತಿದ್ದ. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದು ಮಗ್ಗದವರಿಗೆಲ್ಲ ಬರುವ ವಿದ್ಯೆ, ಹಾಗಾಗಿ ಕೆಲಸಕ್ಕೆ ತೊಂದರೆ ಬರಲಿಲ್ಲ. ಮೇಲಾಗಿ ಅವನ ಅಂಗೈಗೆ ಬೇರೆಯೇ ಒಂದು ಚುರುಕಿತ್ತು. ಓಡುವ ಯಂತ್ರದ ಮೈಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರೆ ಬೇರಿಂಗ್ ಎಲ್ಲಿ ಸವೆದಿದೆ ಎಂದು ಹೇಳಿಬಿಡುತ್ತಿದ್ದ.

ಮನೆಯಲ್ಲೂ ಅಂಗೈಯೇ ಅವನ ಕಿವಿ. ದಿನಾ ಸಂಜೆ ಏಳಕ್ಕೆ ಊಟದ ಮೇಜಿನ ಸುತ್ತ ಕುಟುಂಬ ಪ್ರಾರ್ಥನೆ ನಡೆಯುತ್ತಿತ್ತು. ಹೆಂಡತಿ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಭಾಗ ಓದುವಳು, ಆಮೇಲೆ ಅವಳೂ ಮಗಳೂ ಒಂದು ಕೀರ್ತನೆ ಹಾಡುವರು. ಒಂಬತ್ತು ವರ್ಷದ ಆ ಮಗಳಿಗೆ ಬಾಯಿ ಮುಚ್ಚುವುದೇ ಗೊತ್ತಿರಲಿಲ್ಲ, ಅದಕ್ಕೇ ಅವಳು ಮನೆಮಂದಿಗೆಲ್ಲ ಗಿಣಿ. ಹಾಡುವಾಗ ಫಿಟ್ಟರ್ ಅಂಗೈಯನ್ನು ಮೇಜಿನ ಮೇಲೆ ಅಗಲವಾಗಿ ಊರಿಕೊಂಡು ಕೂರುತ್ತಿದ್ದ. ಹೆಂಡತಿಯ ದನಿ ಮರದೊಳಗೆ ನೀರು ಹರಿದ ಹಾಗೆ ಬರುತ್ತಿತ್ತು, ಗಿಣಿಯದು ಇರುವೆ ಸಾಲಿನ ಹಾಗೆ. ಇಡೀ ದಿನದಲ್ಲಿ ಅವನು ಕಾಯುತ್ತಿದ್ದದ್ದು ಆ ಹತ್ತು ನಿಮಿಷಕ್ಕೆ.

ಮೇಜು ಒಂದು ಗೋಡೆಗೆ ಒರಗಿತ್ತು. ಗೋಡೆಯ ಆ ಬದಿಯ ಒಳಕೋಣೆಯಲ್ಲಿ, ಅದೇ ಗೋಡೆಗೆ ತಾಗಿ, ಅತ್ತೆಯ ಕಬ್ಬಿಣದ ಮಂಚ. ಹೆಂಡತಿಯ ತಾಯಿ, ನಲವತ್ತು ವರ್ಷ ಚರ್ಚಿನ ಗಾಯಕರ ಜೊತೆ ನಿಂತು ಹಾಡಿದ ಹೆಂಗಸು. ಹದಿನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿತ್ತು, ಮಾತೂ ಬಿತ್ತು. ಮೊದಮೊದಲು ಏನೋ ಹೇಳಲು ಹೋಗಿ, ಬಾಯಿಂದ ಬೇರೇನೋ ದನಿ ಹೊರಟು, ಗಿಣಿ ಹೆದರಿ ಅತ್ತುಬಿಟ್ಟಿದ್ದಳು. ಅಂದಿನಿಂದ ಅಜ್ಜಿ ಬಾಯಿ ಬಿಟ್ಟಿರಲಿಲ್ಲ. ಪ್ರಾರ್ಥನೆಯ ಹೊತ್ತಿಗೂ ಪರದೆಯ ಹಿಂದೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು.

ಆ ವರ್ಷ ಕಾರ್ಖಾನೆಯವರು ಫಿಟ್ಟರನನ್ನು ಬೆಳಗಿನ ಪಾಳಿಗೆ ಹಾಕಿದರು. ಎರಡೂವರೆಗೆಲ್ಲ ಅವನು ಮನೆ ಸೇರುತ್ತಿದ್ದ. ಅಲ್ಲಿಯವರೆಗೆ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಹೊರಟುಬಿಡುತ್ತಿದ್ದಳು. ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಿಂದ ಬರುವುದು ಆರಕ್ಕೆ. ಗಿಣಿಯೂ ಶಾಲೆಯಿಂದ ಅಲ್ಲಿಗೇ ಹೋಗಿ ಅಮ್ಮನ ಜೊತೆ ಬರುವಳು. ಅಷ್ಟು ಹೊತ್ತು ಮನೆಯಲ್ಲಿ ಕೇಳದವನೊಬ್ಬ, ಮಾತಿಲ್ಲದವರೊಬ್ಬರು.

ಒಂದು ಮಂಗಳವಾರ ಅವನು ಒಬ್ಬನೇ ಊಟಕ್ಕೆ ಕೂತಿದ್ದ. ಎಡಗೈ ಮೇಜಿನ ಮೇಲಿತ್ತು. ಮೇಜು ಸಣ್ಣಗೆ ನಡುಗಿತು.

ಬೀದಿಯಲ್ಲಿ ಲಾರಿ ಹೋಗಿರಬೇಕು ಅಂದುಕೊಂಡ. ಆದರೆ ಲಾರಿ ಬಂದರೆ ಬಂತು, ಹೋದರೆ ಹೋಯಿತು. ಇದು ಸ್ವಲ್ಪ ಬಂದು, ನಿಂತು, ಉಸಿರು ತೆಗೆದುಕೊಂಡು ಮತ್ತೆ ಬರುತ್ತಿತ್ತು. ತುತ್ತು ಬಾಯಲ್ಲೇ ಉಳಿಯಿತು. ಎದ್ದು ಹೋಗಿ ಪರದೆ ಸರಿಸಿ ನೋಡಿದ. ಅತ್ತೆ ಎಂದಿನಂತೆ ಗೋಡೆಗೆ ಮುಖ ಮಾಡಿ ಅಲ್ಲಾಡದೆ ಮಲಗಿದ್ದರು. ಮೇಜಿಗೆ ಬಂದು ಕೈಯಿಟ್ಟರೆ ಮರ ತಣ್ಣಗೆ ಸುಮ್ಮನಿತ್ತು.

ಮರುದಿನವೂ ಬಂತು, ಅದರ ಮರುದಿನವೂ. ನೀರಿನ ಪಂಪು ಇರಬಹುದೆಂದು ನಿಲ್ಲಿಸಿ ನೋಡಿದ, ಫ್ರಿಜ್ಜಿನ ಪ್ಲಗ್ಗು ಕಿತ್ತ, ಕೊನೆಗೆ ಮೇನ್ ಸ್ವಿಚ್ಚನ್ನೇ ಆರಿಸಿದ. ಮೇಜು ತನ್ನ ಪಾಡಿಗೆ ನಡುಗುತ್ತಲೇ ಇತ್ತು. ಶುಕ್ರವಾರ ಅದರ ನಡೆ ಅವನಿಗೆ ಗುರುತು ಸಿಕ್ಕಿತು. ಮೂರು ಉದ್ದ, ಒಂದು ಗಿಡ್ಡ. ವರ್ಷಕ್ಕೊಂದು ಸಲ, ಮಾವ ತೀರಿಕೊಂಡ ದಿನ ಮಾತ್ರ ಈ ಮನೆಯಲ್ಲಿ ಹಾಡುವ ಕೀರ್ತನೆ ಅದು. ಕರ್ತನು ದೀಪ ಹಿಡಿದು ಕತ್ತಲ ಕಣಿವೆಯಲ್ಲಿ ಮುಂದೆ ಮುಂದೆ ನಡೆಯುವ ಹಾಡು. ಗುರುತು ಸಿಕ್ಕಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಅಲ್ಲಾಡಿಸಿದ್ದು ಇನ್ನೊಂದು. ಮರದೊಳಗೆ ಎರಡು ದನಿಗಳಿದ್ದವು. ಮೇಲೊಂದು ತೆಳುವಾಗಿ, ಅದರಡಿಯಲ್ಲಿ ಇನ್ನೊಂದು, ಗಂಡಸಿನದು, ಆಳದಿಂದ. ಮೂರನೆಯ ಸಾಲಿನ ನಡುವೆ ಕೆಳಗಿನದು ಒಮ್ಮೆ ಕಡಿದು ಮತ್ತೆ ಬಂದು ಸೇರಿಕೊಳ್ಳುತ್ತಿತ್ತು.

ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಕಿವಿ ಹೋದದ್ದು ಸಾಲದು, ಈಗ ತಲೆಯೂ ಹೋಯಿತು ಅಂದಾಳು. ಭಾನುವಾರ ಆರಾಧನೆಯಲ್ಲಿ ಮೊಣಕಾಲೂರಿ, ದೇವರೇ, ಇದು ನಿನ್ನದೋ ಬೇರೆಯವರದೋ ತಿಳಿಸು ಎಂದು ಬೇಡಿಕೊಂಡ. ಸೋಮವಾರ ಕಾರ್ಖಾನೆಯಲ್ಲಿ ಮಾಡುವುದನ್ನೇ ಮನೆಯಲ್ಲೂ ಮಾಡಿದ. ನಡುಕ ಎಲ್ಲಿ ಜೋರಿದೆಯೋ ಆ ಕಡೆ ಅಂಗೈ ಸರಿಸುತ್ತಾ ಹೋದ. ಮೇಜಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲ ಚೌಕಟ್ಟಿಗೆ, ಪರದೆ ದಾಟಿ ಒಳಗೆ. ಮಂಚದ ತಲೆಯ ಕಡೆಯ ಸರಳು ಹಿಡಿದಾಗ ಕೈ ಮೊಣಕೈವರೆಗೆ ಗುಂಯ್‌ಗುಟ್ಟಿತು.

ಅತ್ತೆಯ ಬೆನ್ನ ಮೇಲೆ ಮೆಲ್ಲನೆ ಕೈಯಿಟ್ಟ. ಎಲ್ಲವೂ ತಟ್ಟನೆ ನಿಂತಿತು. ಅವರು ತಿರುಗಿದರು. ಕದ್ದು ಸಿಕ್ಕಿಬಿದ್ದ ಮಗುವಿನ ಕಣ್ಣು.

"ಅತ್ತೆ, ನೀವು ಹಾಡ್ತಾ ಇದ್ರಾ?"

ಅವರ ಕಣ್ಣು ತುಂಬಿತು. ಎಡಗೈಯಲ್ಲಿ ಅಳಿಯನ ಅಂಗೈ ಎಳೆದು ತಮ್ಮ ಗಂಟಲ ಮೇಲೆ ಇಟ್ಟುಕೊಂಡು ಹಾಡಿದರು. ಅವನು ತುಟಿ ನೋಡಿದ. 'ನೀರು' ಅನ್ನಲಾಗದ ಆ ಬಾಯಲ್ಲಿ ಕಣಿವೆ, ದೀಪ, ಕರ್ತನ ಹೆಜ್ಜೆ, ಎಲ್ಲ ಮಾತುಗಳೂ ಇಡಿಯಾಗಿ ಬರುತ್ತಿದ್ದವು. ಕೇಳದವನ ಮುಂದೆ ನಾಚಿಕೆ ಯಾಕೆಂದು ಅವರು ಇಷ್ಟು ದಿನ ಅವನಿದ್ದಾಗಲೇ ಹಾಡುತ್ತಿದ್ದರು ಎಂಬುದು ಅವನಿಗೆ ಆಗ ಹೊಳೆಯಿತು. ಆದರೆ ಗಂಟಲ ಮೇಲಿದ್ದ ಕೈಗೆ ಒಂದೇ ದನಿ ಸಿಗುತ್ತಿತ್ತು. ಸರಳು ಹಿಡಿದಿದ್ದ ಇನ್ನೊಂದು ಕೈಗೆ ಎರಡು.

ಹಾಡು ಮುಗಿದ ಮೇಲೆ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಯಾರಿಗೂ ಹೇಳಬೇಡ ಎಂದು. ಅವನು ತಲೆಯಾಡಿಸಿದ.

ಹನ್ನೊಂದು ದಿನ ಗುಟ್ಟು ಹೊಟ್ಟೆಯಲ್ಲೇ ಇತ್ತು. ಹನ್ನೆರಡನೆಯ ಸಂಜೆ ಪ್ರಾರ್ಥನೆಯ ನಡುವೆ ಹೆಂಡತಿ ಅತ್ತುಬಿಟ್ಟಳು. ಅಮ್ಮನ ದನಿ ಹೇಗಿತ್ತೆಂಬುದೇ ಮರೆತುಹೋಗುತ್ತಿದೆ ಎಂದಳು. ಫಿಟ್ಟರನಿಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿಯುವಂತಿಲ್ಲ, ಇವಳ ಅಳು ನೋಡುವಂತಿಲ್ಲ. ಏನು ಮಾಡುವುದೆಂದು ತಿಳಿಯದೆ ತಾನೇ ಬಾಯಿ ತೆರೆದು ಆ ಕಣಿವೆಯ ಹಾಡು ಶುರುಮಾಡಿದ. ಕಿವಿ ಹೋದ ಮೇಲೆ ಅವನು ಹಾಡಿದವನಲ್ಲ. ರಾಗ ಎಲ್ಲಿಗೆ ಹೋಯಿತೋ, ತಾಳ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಗಿಣಿ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುಲು ನಗತೊಡಗಿದಳು. ಅವನು ನಿಲ್ಲಿಸಲಿಲ್ಲ. ಎರಡನೆಯ ಸಾಲಿನಲ್ಲಿ ಮಗಳ ನಗು ನಿಂತಿತು. ಹೆಂಡತಿ ಮೆಲ್ಲಗೆ ಪರದೆಯ ಕಡೆ ತಿರುಗಿದಳು. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು, ಅತ್ತೆ ಮಂಚದಿಂದಲೇ ಹಾಡುತ್ತಾ ಅವನ ರಾಗ ತಿದ್ದುತ್ತಿದ್ದಾರೆ ಎಂದು. ನಲವತ್ತು ವರ್ಷ ಹಾಡಿದವರು, ಅಷ್ಟು ಕೆಟ್ಟ ಹಾಡನ್ನು ಎಷ್ಟು ಹೊತ್ತು ಸಹಿಸಿಯಾರು? ಹೆಂಡತಿ ಎದ್ದು ಓಡಿದಳು, ಗಿಣಿ ಅವಳ ಹಿಂದೆ. ಮಂಚದ ಮೇಲೆ ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಹಾಡುತ್ತಿದ್ದರು. ಫಿಟ್ಟರ್ ತನ್ನ ಹಾಡು ನಿಲ್ಲಿಸಿ ಮೇಜಿನ ಬಳಿಯೇ ಅಂಗೈ ಊರಿ ಕೂತ. ನಾಲ್ಕು ದನಿಗಳು.

ಊಟವಾದ ಮೇಲೆ ತಟ್ಟೆ ತೊಳೆಯುವಾಗ ಅವನು ಹೆಂಡತಿಗೆ ಎಲ್ಲ ಹೇಳಿದ, ಕೆಳಗಿನ ಗಂಡಸು ದನಿಯ ವಿಷಯವನ್ನೂ. ಅವಳು ನಗಲಿಲ್ಲ. ಮಾವನನ್ನು ಅವನು ನೋಡಿದವನೇ ಅಲ್ಲ, ಮದುವೆಗೆ ಎರಡು ವರ್ಷ ಮೊದಲೇ ಬೇರೆ ಊರಿನಲ್ಲಿ ತೀರಿಕೊಂಡಿದ್ದರು.

"ಕೆಳಗಿನ ದನಿ ಎಲ್ಲಾದ್ರೂ ನಿಲ್ಲುತ್ತಾ?" ಎಂದು ಕೇಳಿದಳು.

ಅವನು ಕಟ್ಟೆಯ ಮೇಲೆ ಬೆರಳಿಂದ ಮೂರನೆಯ ಸಾಲು ಬಡಿದು, ಅದು ಕಡಿಯುವ ಕಡೆ ಬೆರಳೆತ್ತಿದ. ಅವಳ ಕೈಯ ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ಅಪ್ಪ ಅಲ್ಲೇ ಉಸಿರು ತಗೋತಿದ್ದದ್ದು. ಪದದ ಮಧ್ಯದಲ್ಲಿ. ಅಮ್ಮ ಪ್ರತಿ ಸಲ ಮೊಣಕೈಯಲ್ಲಿ ತಿವೀತಿದ್ರು." ತಟ್ಟೆ ಕೆಳಗಿಟ್ಟು, "ನಿಮಗೆ ಹೆದರಿಕೆ ಆಗಲ್ವಾ?" ಎಂದಳು.

"ಆಗುತ್ತೆ. ಆದ್ರೂ ಎರಡೂವರೆ ಯಾವಾಗ ಆಗುತ್ತೆ ಅಂತ ಕಾಯ್ತಿರ್ತೀನಿ."

ಮಾತು ಹೋದವರಿಗೂ ಹಾಡು ಉಳಿಯುವುದುಂಟು ಎಂದು ಡಾಕ್ಟರು ಹೇಳಿದರು. ಇನ್ನೊಂದು ದನಿಯ ಬಗ್ಗೆ ಫಿಟ್ಟರ್ ಅವರನ್ನು ಕೇಳಲಿಲ್ಲ. ಅತ್ತೆ ನೀರನ್ನೂ ದಿಂಬನ್ನೂ ರಾಗವಾಗಿಯೇ ಕೇಳಲು ಕಲಿತರು. ಗಿಣಿಯೂ ರಾಗವಾಗಿಯೇ ಜಗಳವಾಡಿದಳು. ಆ ಮನೆಯಲ್ಲಿ ಅಷ್ಟು ನಗು ಹಿಂದೆಂದೂ ಇರಲಿಲ್ಲ. ಹೀಗೆ ಒಂದೂವರೆ ವರ್ಷ ಕಳೆಯಿತು. ಅತ್ತೆಯ ದನಿ ದಿನೇದಿನೇ ತೆಳುವಾಗುತ್ತಾ ಬಂದು, ಫಿಟ್ಟರ್ ಸರಳನ್ನು ಬಿಗಿಯಾಗಿ ಹಿಡಿದರಷ್ಟೇ ಸಿಗುವಂತಾಯಿತು. ಕೆಳಗಿನದು ಮಾತ್ರ ಮೊದಲಿನ ಹಾಗೇ ಇತ್ತು.

ಒಂದು ಮಧ್ಯಾಹ್ನ ಅವರು ಅವನ ಕಡೆ ಮುಖ ಮಾಡಿ ಮಲಗಿ ಹಾಡು ಎತ್ತಿಕೊಂಡರು. ಎರಡನೆಯ ಸಾಲು ಮುಗಿಯುವಾಗ ತುಟಿಗಳು ನಿಂತವು, ಕಣ್ಣು ಕಿಟಕಿಯ ಬೆಳಕಿನಲ್ಲಿ ಹಾಗೇ ನಿಂತಿತು. ಫಿಟ್ಟರನ ಕೈ ಸರಳಿನ ಮೇಲಿತ್ತು. ಕೆಳಗಿನ ದನಿ ನಿಲ್ಲಲಿಲ್ಲ. ಮೂರನೆಯ ಸಾಲು ಹಾಡಿತು, ಎಲ್ಲೂ ಕಡಿಯಲಿಲ್ಲ. ನಾಲ್ಕನೆಯದನ್ನೂ ಹಾಡಿತು. ಅವನು ಅಲ್ಲಾಡದೆ ಕೂತಿದ್ದ. ಹಾಡು ಮುಗಿದು ಕಬ್ಬಿಣ ತಣ್ಣಗಾದ ಮೇಲೆ ಅತ್ತೆಯ ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊಲಿಗೆ ಅಂಗಡಿಗೆ ನಡೆದ.

ಹೆಂಡತಿ ಯಂತ್ರದ ಮುಂದೆ ಕೂತಿದ್ದವಳು ಅವನ ಮುಖ ನೋಡಿ ಪೆಡಲಿನಿಂದ ಕಾಲು ತೆಗೆದಳು.

"ಅಮ್ಮ ಒಬ್ರೇ ಇದ್ರಾ?" ಎಂದಳು.

"ಇಲ್ಲ" ಎಂದ.