ಗುರುಪುತ್ರಪ್ಪನ ಅಂಗೈ

ಶಹಾಪುರದ ನೇಕಾರ ಗುರುಪುತ್ರಪ್ಪ ಲಿಂಗಪೂಜೆ ಮಾಡದೆ ಒಂದು ತುತ್ತು ಉಂಡವನಲ್ಲ. ಹುಟ್ಟಿದಾಗ ಅಯ್ಯನವರು ಕಟ್ಟಿದ ಇಷ್ಟಲಿಂಗ ಅದು. ದಿನಾ ಎಡ ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳು ತಾಗಿ ತಾಗಿ ಅದರ ಒಂದು ಮಗ್ಗುಲು ಸವೆದಿತ್ತು. ತಾನು ಮೊದಲು ನೇಯ್ದ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಸೀರೆ ಮಾರಲು ಖಾನಾಪುರದ ರೈಲು ಹತ್ತಿದರೆ, ದೇಸೂರು ಬರುವಷ್ಟರಲ್ಲಿ ಕೈ ತಾನಾಗಿ ಎದೆಗೆ ಹೋಗಿ, ಇದೆ ಎಂದು ಮುಟ್ಟಿ ನೋಡಿಕೊಳ್ಳುತ್ತಿತ್ತು.

೧೯೮೩ರಲ್ಲಿ ಖಾನಾಪುರದ ಸಾಹುಕಾರನೊಬ್ಬನ ಅಂಗಡಿ ಒಡೆದು ಯಾರೋ ಬಟ್ಟೆ ಕದ್ದರು. ಸೀರೆಯ ಗಂಟು ಹೊತ್ತಿದ್ದ ಗುರುಪುತ್ರಪ್ಪ ಪೊಲೀಸರ ಕಣ್ಣಿಗೆ ಬಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜೀಪಿಗೆ ತುಂಬಿ ಠಾಣೆಗೆ ಒಯ್ದರು; ಯಾವ ಠಾಣೆ ಎಂಬ ಮಾತು ಈಗ ಬೇಡ. ಕೊರಳಿನ ದಾರವನ್ನೂ ಲಿಂಗದ ಸಮೇತ ಬಿಚ್ಚಿಸಿದರು.

"ಉರ್ಲ ಹಾಕ್ಕೊಂಡ್ರ ನಮ್ಮ ನೌಕರಿ ಹೋಗ್ತೈತಿ, ತಗಿ," ಎಂದ ಜಮಾದಾರ.

ಹಿಡಿದವನನ್ನು ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಕಾನೂನು. ವಾರ ಕಳೆದರೂ ಗುರುಪುತ್ರಪ್ಪ ಕಂಡದ್ದು ಠಾಣೆಯ ಗೋಡೆ ಮಾತ್ರ. ಅನ್ನ ಮುಟ್ಟಲಿಲ್ಲ. ನೀರೊಂದು ಕುಡಿದ, ಲಿಂಗಕ್ಕೆ ತೋರಿಸದೆ ಕುಡಿದೆನಲ್ಲ ಎಂದು ಅದಕ್ಕೂ ಅತ್ತ. ಖಾನಾಪುರದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಗೆಳೆಯ ಸನಾಉಲ್ಲಾ ಠಾಣೆಯ ಕಿಟಕಿಗೆ ಬಂದು ನೋಡಿ, ಶಹಾಪುರದಲ್ಲಿದ್ದ ಅವನ ಹೆಂಡತಿ ಶಿವಲಿಂಗವ್ವನಿಗೆ ಸುದ್ದಿ ಮುಟ್ಟಿಸುತ್ತಿದ್ದ.

ಕೊನೆಗೆ ನಿಜವಾದ ಕಳ್ಳ ಸಿಕ್ಕ. ಇವನಿಗೆ ಹೋಗು ಎಂದರು. ಗುರುಪುತ್ರಪ್ಪ ಹೊಸ್ತಿಲಲ್ಲೇ ನಿಂತ.

"ನನ್ನ ಲಿಂಗ ಕೊಡ್ರಿ."

"ಯಾವ ಲಿಂಗ? ನಿನ್ನ ನಾವು ಹಿಡದೇ ಇಲ್ಲ. ಮತ್ತ ನಿನ್ನ ಲಿಂಗ ನಮ್ಮ ಹತ್ರ ಹೆಂಗ ಬರ್ತೈತಿ?"

ಲಿಂಗ ಕೊಟ್ಟರೆ ಹಿಡಿದಿಟ್ಟದ್ದನ್ನು ಒಪ್ಪಿಕೊಂಡಂತೆ. ಕಳ್ಳನನ್ನು ಗುರುತಿಸುವಷ್ಟು ಇಲ್ಲದಿದ್ದರೂ ಅಷ್ಟು ಬುದ್ಧಿ ಅವರಿಗಿತ್ತು.

ಮಠದ ಸ್ವಾಮಿಗಳು ಬೇರೆ ಲಿಂಗ ಕಟ್ಟಿದರು. ಎಲ್ಲ ಲಿಂಗವೂ ಒಂದೇ ಎಂದರು. ಅವನು ತಲೆಯಾಡಿಸಿದ. ಆದರೆ ಪೂಜೆಗೆ ಕೂತರೆ ಹೆಬ್ಬೆರಳು ಸವೆದ ಮಗ್ಗುಲನ್ನು ಹುಡುಕುತ್ತಿತ್ತು. ಸಿಗದಿದ್ದಾಗ ಕಣ್ಣು ತುಂಬುತ್ತಿತ್ತು. ಹಂಬಲಕ್ಕೆ ಸ್ವಾಮಿಗಳ ಮಾತು ಕೇಳಿಸುವುದಿಲ್ಲ.

ಅವನು ವಕೀಲರ ಹತ್ತಿರ ಹೋದದ್ದು ಲಿಂಗಕ್ಕಾಗಿ. ವಕೀಲರು ಹೈಕೋರ್ಟಿಗೆ ಹೋದದ್ದು ಪರಿಹಾರಕ್ಕಾಗಿ. ಕಿಟಕಿಯಲ್ಲಿ ಕಂಡದ್ದನ್ನು ಸನಾಉಲ್ಲಾ ಯಾರಿಗೂ ಹೆದರದೆ ಪ್ರಮಾಣ ಮಾಡಿ ಬರೆದುಕೊಟ್ಟ. ವರ್ಷಗಳು ಕಳೆದು ತೀರ್ಪು ಬಂತು. ಕೋರ್ಟಿಗೆ ಒಪ್ಪಿಸದೆ ಕೂಡಿಹಾಕಿದ ತಪ್ಪಿಗೆ ಸರ್ಕಾರ ಹಣ ಕೊಡಬೇಕೆಂದಾಯಿತು. ಓಣಿಯವರೆಲ್ಲ ಕುಂದಾ ತಿಂದರು.

"ಸಾಹೇಬ್ರ, ಇದರಾಗ ಲಿಂಗದ ಮಾತು ಎಲ್ಲೈತ್ರಿ?" ಎಂದು ಗುರುಪುತ್ರಪ್ಪ ಕೇಳಿದ.

"ಅದನ್ನ ಕೋರ್ಟು ಎಲ್ಲಿಂದ ತಂದು ಕೊಡತೈತಪಾ? ಅದರ ಬದ್ಲಿನಽ ಈ ರೊಕ್ಕ," ಎಂದರು ವಕೀಲರು.

ಬದಲಿ ಎಂಬ ಮಾತು ಅವನಿಗೆ ಒಗ್ಗಲಿಲ್ಲ. ಹಣ ಬ್ಯಾಂಕಿನಲ್ಲಿ ಮಲಗಿತು.

ಆ ಚಳಿಗಾಲದಲ್ಲಿ ಹಣಮಪ್ಪ ಮನೆಗೆ ಬಂದ. ಅದೇ ಠಾಣೆಯಲ್ಲಿ ಪೇದೆಯಾಗಿದ್ದು ಈಗ ನಿವೃತ್ತನಾದವನು. ಶಿವಲಿಂಗವ್ವ ಕೊಟ್ಟ ಚಹಾ ಮುಟ್ಟದೆ ಕುಳಿತ.

"ಅದು ಠಾಣೇದ ಕಪಾಟಿನಾಗಽ ಇತ್ತರಿ. ಕೋರ್ಟಿನ ನೋಟೀಸು ಬಂದ ದಿನ ನಮ್ಮ ಸಾಹೇಬ್ರು ಹೆದರಿ, ಒಗದು ಬಾ ಅಂದ್ರು. ನಾನಽ ಖಾನಾಪುರದ ಬ್ರಿಜ್ಜಿನ ಮ್ಯಾಲಿಂದ ಮಲಪ್ರಭಾದಾಗ ಬಿಟ್ಟೆ."

ಲಿಂಗ ಬೇಕೆಂದು ಹಾಕಿದ ಅರ್ಜಿಯೇ ಲಿಂಗವನ್ನು ಮುಳುಗಿಸಿತ್ತು. ಶಿವಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೈಗುಳಕ್ಕೆ ಸಿದ್ಧನಾಗಿ ಹಣಮಪ್ಪ ತಲೆ ತಗ್ಗಿಸಿದ.

"ವಸ್ತ್ರ ಸುತ್ತಿತ್ತೇನ್ರಿ?" ಎಂದ ಗುರುಪುತ್ರಪ್ಪ.

"ಸುತ್ತಿತ್ತರಿ. ನಾ ಬಿಚ್ಚಲಿಲ್ಲ."

"ಚಹಾ ಕುಡೀರಿ, ಆರತೈತಿ."

ಮರುವಾರ ಅವನು ಬ್ಯಾಂಕಿನ ಹಣವನ್ನು ಮೊದಲ ಸಲ ಮುಟ್ಟಿ, ಹೆಂಡತಿಯೊಡನೆ ಕೂಡಲಸಂಗಮಕ್ಕೆ ಹೋದ. ಖಾನಾಪುರದ ಮಲಪ್ರಭೆ ಎಷ್ಟು ಸುತ್ತಿದರೂ ಕೊನೆಗೆ ಕೃಷ್ಣೆಯನ್ನು ಕೂಡುವುದು ಅಲ್ಲಿ, ಬಸವಣ್ಣ ಐಕ್ಯನಾದಲ್ಲಿ. ಮೊಣಕಾಲುದ್ದ ನೀರಿಗಿಳಿದು, ಬಾಗಿ, ಎಡ ಅಂಗೈಯನ್ನು ಹೊಳೆಯೊಳಗೆ ಚಾಚಿ ನಿಂತ. ಬಿಸಿಲು ಇಳಿಯುತ್ತ ಬಂತು.

"ಬರ್ರಿ ಇನ್ನ, ಬಸ್ಸು ತಪ್ಪತೈತಿ," ಎಂದಳು ಶಿವಲಿಂಗವ್ವ ದಂಡೆಯಿಂದ.

"ಇನ್ನೊಂದೀಟು ತಡಿ," ಎಂದ ಗುರುಪುತ್ರಪ್ಪ, ಕೈ ತೆಗೆಯದೆ. "ನಡುವ ಡ್ಯಾಮ ಕಟ್ಟ್ಯಾರ. ದಾಟಿ ಬರಾಕ ಹೊತ್ತ ಹಿಡೀತೈತಿ."