ಹಳೇ ರೈಟರ್ ಇದ್ದಿದ್ದರೆ

ಒಂಬತ್ತು ವರ್ಷ ಒಂದೇ ಧಾರಾವಾಹಿ ಬರೆದು, ಸಾಕಾಗಿ ಕೆಲಸ ಬಿಟ್ಟು, ಕಾಫಿ ತೋಟಗಳ ಊರು ಜಾವಳಿಯ ಹೋಂಸ್ಟೇ ಒಂದಕ್ಕೆ ಬಂದಿದ್ದೆ. ನಾನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯೊಡತಿ ಸುಮಿತ್ರಕ್ಕ ನನಗೆ ಕಡುಬು ಬಡಿಸಿ, ಟಿವಿಯಲ್ಲಿ ಅದೇ ಧಾರಾವಾಹಿ ಹಾಕಿಕೊಂಡು ಕೂತರು. ಅವತ್ತಿನ ಕಂತಿನಲ್ಲಿ ಅತ್ತೆಗೆ ಮೂರನೇ ಸಲ ನೆನಪು ಹೋಯಿತು.

“ನೋಡಿ ಮಾರಾಯ್ರೆ, ಹಳೇ ರೈಟರ್ ಬಿಟ್ಟಿದ್ದೇ ಬಿಟ್ಟಿದ್ದು, ಕಥೆ ಕಣದಲ್ಲಿ ಒಣಗೋಕೆ ಹಾಕಿ ಮಳೆಗೆ ನೆಂದ ಕಾಫಿ ಬೀಜದ ಥರ ಆಗೋಯ್ತು. ಅವ್ರು ಇಂಥದ್ದು ಬರೀತಿದ್ರಾ? ಈ ಹೊಸಬನ ಕೈ ಮುರೀಬೇಕು. ಫೇಸ್‌ಬುಕ್ಕಲ್ಲೂ ಹಾಗೇ ಹಾಕಿದೀನಿ.”

ಆ ಕಂತು ಬರೆದವನು ನಾನೇ. ಬಿಡುವ ಮುಂಚೆ ಒಂದು ತಿಂಗಳಿಗಾಗುವಷ್ಟು ಬರೆದುಕೊಟ್ಟಿದ್ದೆ. ಹೊಸಬನ ಒಂದು ಸಾಲೂ ಇನ್ನೂ ಟಿವಿಗೆ ಬಂದಿರಲಿಲ್ಲ.

“ಮೊದಲೆರಡು ಸಲ ಅತ್ತೆಯ ನೆನಪು ಕಳೆದವರು ಹಳಬರೇ ಅಲ್ವಾ?” ಎಂದೆ.

“ಅದಕ್ಕೆ ಕಾರಣ ಇತ್ತು,” ಎನ್ನುತ್ತ ಸುಮಿತ್ರಕ್ಕ ಚಟ್ನಿ ಪಾತ್ರೆಯನ್ನು ನನ್ನ ಮುಂದಿನಿಂದ ಎಳೆದುಕೊಂಡರು. “ಗೊತ್ತಿಲ್ದೆ ದೊಡ್ಡೋರ ಬಗ್ಗೆ ಮಾತಾಡ್ಬಾರ್ದು.”

ನಾನು ಬರೆಯುತ್ತಿದ್ದಾಗ ಇದೇ ಅಭಿಮಾನಿಗಳು ನನ್ನ ಕೈ ಮುರಿಯಬೇಕು ಎನ್ನುತ್ತಿದ್ದರು. ಇವರ ಕಣ್ಣಲ್ಲಿ ದೊಡ್ಡವನಾಗಲು ಬರೆಯಬೇಕಾಗಿಯೇ ಇರಲಿಲ್ಲ, ಬಿಟ್ಟರೆ ಸಾಕಿತ್ತು. ಸುಮ್ಮನೆ ಒಂಬತ್ತು ವರ್ಷ ತಡ ಮಾಡಿದೆ.